ಪರಸೋಂ ಅಪ್ಪ

ಇವತ್ತು ಬೆಳಿಗ್ಗೆ ನಮ್ಮ ಅಳಿಯ ಗುರುರಾಜ ಬಚ್ಚಲಲ್ಲಿ ಸಿಳ್ಳೆ ಹಾಕುತ್ತಿದ್ದ. ಅದರಲ್ಲೇನು ವಿಶೇಷ ಎಂದು ನೀವು ಕೇಳಬಹುದು. ಹಾಡು ಬರದವರು ಸಿಳ್ಳೆ ಹಾಕುತ್ತಾರೆ, ನೀರು ಹದವಾಗಿ ಬಿಸಿಯಿದ್ದರೆ ಇನ್ನಷ್ಟು ಜೋರಾಗಿ ಹಾಕುತ್ತಾರೆ. ಆದರೆ ಸ್ವಲ್ಪ ತಾಳಿ. ಬರುವ ಗುರುವಾರ ಅವನ ಹೆಂಡತಿ, ಅಂದರೆ ನನ್ನ ಮಗಳು ಸೌಮ್ಯಾ, ಇಬ್ಬರು ಮಕ್ಕಳನ್ನು ಕರೆದುಕೊಂಡು ಐರ್ಲೆಂಡಿಗೆ ಹೊರಟಿದ್ದಾಳೆ. ಅಲ್ಲಿಯ ಒಂದು ಆಸ್ಪತ್ರೆಯಲ್ಲಿ ಅವಳಿಗೆ ನರ್ಸ್ ಕೆಲಸ ಸಿಕ್ಕಿದೆ. ಗುರುರಾಜ ಸದ್ಯಕ್ಕೆ ಇಲ್ಲೇ ಉಳಿದು, ಸ್ವಲ್ಪ ತಡೆದು ಹೋಗುವವನು. ಹಗಲೆಲ್ಲ ಅವನ ಮುಖ ನೋಡಿದರೆ ನಿಮಗೆ ಕರುಳು ಚುರ್ರೆನ್ನಬೇಕು, ಹಾಗೆ ಜೋತು ಬಿದ್ದಿರುತ್ತದೆ. ಬಚ್ಚಲ ಚಿಲಕ ಹಾಕಿಕೊಂಡ ಕೂಡಲೆ ಸಿಳ್ಳೆ. ಆ ಸಿಳ್ಳೆಯ ಅರ್ಥವನ್ನು ಹೈದರಾಬಾದಿನ ಈ ನಾರಾಯಣಗೂಡದಲ್ಲಿ ನನ್ನಷ್ಟು ಬಲ್ಲವರು ಇನ್ನೊಬ್ಬರಿಲ್ಲ. ನಾನೂ ಹಾಕಿದ್ದೇನೆ. ಇದೇ ಬಚ್ಚಲಲ್ಲಿ.

ಹೇಳಿಬಿಡುತ್ತೇನೆ, ಈ ವಯಸ್ಸಿನಲ್ಲಿ ಮುಚ್ಚಿಟ್ಟುಕೊಂಡು ಮಾಡುವುದೇನಿದೆ? ಕಲಬುರಗಿ, ಬೀದರ ಕಡೆಯಿಂದ ಬಂದು ಈ ಊರಲ್ಲಿ ತಳವೂರಿದ ನಮ್ಮ ಜನರ ನಡುವೆ ನನಗೊಂದು ಹೆಸರಿದೆ: ಹೆಂಡತಿ ಮಕ್ಕಳ ಏಳಿಗೆಗಾಗಿ ಒಂಟಿಯಾಗಿ ಸವೆದ ಮನುಷ್ಯ. ಮದುವೆ ಮುಂಜಿಗಳಲ್ಲಿ ಹೊಸಬರಿಗೆ ನನ್ನನ್ನು ಹೀಗೆಯೇ ಪರಿಚಯ ಮಾಡಿಕೊಡುತ್ತಾರೆ. ನಾನು ತಲೆ ತಗ್ಗಿಸುತ್ತೇನೆ. ಅದನ್ನು ಅವರು ವಿನಯ ಎಂದುಕೊಳ್ಳುತ್ತಾರೆ.

ಆಗ ನಾನು ಕಾಚಿಗೂಡ ಸ್ಟೇಷನ್ ಎದುರಿನ ಒಂದು ಲಾಡ್ಜಿನಲ್ಲಿ ಮ್ಯಾನೇಜರ್ ಆಗಿದ್ದೆ. ಮ್ಯಾನೇಜರ್ ಎಂದರೆ ದೊಡ್ಡದೇನೋ ಎಂದುಕೊಳ್ಳಬೇಡಿ. ರೈಲು ಇಳಿದು ಬಂದವರ ಹೆಸರನ್ನು ರಿಜಿಸ್ಟರಿನಲ್ಲಿ ಬರೆದು, ಕೀಲಿಕೈ ಕೊಟ್ಟು, ಆರು ಗಂಟೆಗೆ ಬಿಸಿನೀರು ಬರುತ್ತದೆ ಎಂದು ಸುಳ್ಳು ಹೇಳುವ ಕೆಲಸ. ಓದಿದ್ದು ಮೆಟ್ರಿಕ್. ಹೆಂಡತಿ ಗಿರಿಜಾ ಮದುವೆಯಾದಾಗ ಅವಳೂ ಮೆಟ್ರಿಕ್ಕೇ. ಆಮೇಲೆ ಎಂ.ಎಸ್ಸಿ. ಮಾಡಿ ಶಾಲೆಯಲ್ಲಿ ಗಣಿತದ ಟೀಚರ್ ಆದಳು. ನಾನೇ ಓದಿಸಿದೆ ಎಂದು ಹೇಳಿಕೊಂಡು ತಿರುಗಿದ್ದೇನೆ. ನಿಜವೇನೆಂದರೆ ಅವಳು ಓದಿದಳು, ನಾನು ಅಡ್ಡ ಬರಲಿಲ್ಲ.

ಅವಳಿಗೆ ಆಫ್ರಿಕಾದ ಬೋಟ್ಸ್‌ವಾನಾ ದೇಶದ ಸರ್ಕಾರಿ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿತು. ಆ ದೇಶ ಎಲ್ಲಿದೆಯೆಂದು ನಮ್ಮ ಓಣಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕೆಳಗಿನ ಮನೆಯ ಕಮಲಾಬಾಯಿ ಮಾತ್ರ ಎಲ್ಲ ಬಲ್ಲವರಂತೆ, "ಅಲ್ಲಿ ಸಿಂಹ ಹಾದ್ಯಾಗ ಮಲಗಿರ್ತಾವಂತ ಗಿರಿಜಾ. ಮಕ್ಕಳಿಗೆ ಛಲೋ ಬೂಟ್ ತಗೋ," ಎಂದರು. ಸಿಂಹಕ್ಕೂ ಬೂಟಿಗೂ ಏನು ಸಂಬಂಧವೋ ನನಗೆ ಇವತ್ತಿಗೂ ತಿಳಿದಿಲ್ಲ. ಬೂಟನ್ನು ಮಾತ್ರ ತಂದೆವು. ಒಂಬತ್ತು ವರ್ಷದ ಮಗ ಪ್ರವೀಣನಿಗೆ ಕಪ್ಪು, ನಾಲ್ಕು ವರ್ಷದ ಸೌಮ್ಯಾಳಿಗೆ ಕೆಂಪು. ಮೊದಲು ಮಕ್ಕಳನ್ನು ಕರೆದುಕೊಂಡು ಅವಳು ಹೋಗುವುದು, ಲಾಡ್ಜಿಗೆ ಬೇರೆ ಆಳು ಸಿಕ್ಕ ಮೇಲೆ ಮೂರು ತಿಂಗಳಲ್ಲಿ ನಾನು ಹೋಗುವುದು ಎಂದು ಮಾತಾಯಿತು.

ಬೇಗಂಪೇಟೆಯ ವಿಮಾನ ನಿಲ್ದಾಣದಲ್ಲಿ ನಾನು ಅತ್ತೆ. ಸುಳ್ಳಲ್ಲ, ನಿಜವಾಗಿ ಅತ್ತೆ. ಬರುವಾಗ ಆಟೋದಲ್ಲೂ ಸ್ವಲ್ಪ ದೂರ ಅತ್ತೆ. ಕಾಚಿಗೂಡದಲ್ಲಿ ಇಳಿದು ಚಹಾ ಕುಡಿದೆ. ಇನ್ನೊಂದು ಕುಡಿದೆ. ಎರಡನೆಯ ಕಪ್ಪು ಮುಗಿಯುವ ಹೊತ್ತಿಗೆ, ಎಷ್ಟು ಹೊತ್ತು ಕೂತರೂ ಎಲ್ಲಿದ್ದಿರಿ ಎಂದು ಕೇಳುವವರು ಈಗ ಮನೆಯಲ್ಲಿ ಯಾರೂ ಇಲ್ಲ ಎಂಬುದು ಹೊಳೆಯಿತು. ಮಾರನೆಯ ಬೆಳಿಗ್ಗೆ ಬಚ್ಚಲಲ್ಲಿ ಸಿಳ್ಳೆ.

ಮುಂದಿನದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೆ ಎಷ್ಟು ನಾಚಿಕೆಯಾಗಬೇಕೋ ಅಷ್ಟು ಆಗುವುದಿಲ್ಲ. ಏಕೆಂದರೆ ಕಮಲಾಬಾಯಿಯವರ ಎಣ್ಣೆಗಾಯಿ ಬದನೆಕಾಯಿಯ ನೆನಪು ನಡುವೆ ಬರುತ್ತದೆ. ಬಡಪಾಯಿ ಒಬ್ಬನೇ ಇದ್ದಾನೆಂದು ಅವರು ದಿನಾಲೂ ರೊಟ್ಟಿ, ಪಲ್ಲೆ, ಶೇಂಗಾ ಚಟ್ನಿ ತರುತ್ತಿದ್ದರು. ಮೆಟ್ಟಿಲ ಮೇಲೆ ಅವರ ಚಪ್ಪಲಿಯ ಸದ್ದು ಕೇಳಿದ ಕೂಡಲೆ ನಾನು ಪೇಪರ್ ಮಡಿಸಿಟ್ಟು, ಕಿಟಕಿಯ ಬಳಿ ನಿಂತು ನಿಟ್ಟುಸಿರು ಬಿಡುತ್ತಿದ್ದೆ. ನಿಟ್ಟುಸಿರು ಬೇಗ ಬಿಟ್ಟರೆ ಅವರಿಗೆ ಕೇಳುವುದಿಲ್ಲ, ತಡವಾದರೆ ನಾಟಕವೆಂದು ಗೊತ್ತಾಗುತ್ತದೆ. ಅವರು ಕಡೆಯ ಮೆಟ್ಟಿಲಿನ ಹಿಂದಿನ ಮೆಟ್ಟಿಲಲ್ಲಿರುವಾಗ ಬಿಡಬೇಕು. ಬಿಟ್ಟರೆ ಮಾರನೆಯ ದಿನ ಹೋಳಿಗೆಯೂ ಬರುತ್ತಿತ್ತು. ಆರು ತಿಂಗಳಲ್ಲಿ ನನ್ನ ಪ್ಯಾಂಟುಗಳು ಸೊಂಟಕ್ಕೆ ಹತ್ತದಾದವು. ಕಮಲಾಬಾಯಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಯ್ಯ, ಚಿಂತ್ಯಾಗ ಮೈ ಎಷ್ಟು ಬಾತೈತಿ ನೋಡ್ರಿ," ಎಂದು ಕಣ್ಣೊರೆಸಿಕೊಂಡರು.

ಭಾನುವಾರ ಮಧ್ಯಾಹ್ನ ಲಾಡ್ಜಿನ ಫೋನಿಗೆ ಬೋಟ್ಸ್‌ವಾನಾದಿಂದ ಕರೆ ಬರುತ್ತಿತ್ತು. ಗಿರಿಜಾಳ ಮೊದಲ ಪ್ರಶ್ನೆ ಒಂದೇ. "ಯಾವಾಗ ಬರ್ತೀರಿ?"

ನನ್ನ ಉತ್ತರವೂ ಒಂದೇ. "ಪರಸೋಂ."

ಈ ಶಬ್ದದ ಬಗ್ಗೆ ಹೊರಗಿನವರಿಗೆ ಎರಡು ಮಾತು ಹೇಳಬೇಕು. ಹಿಂದಿಯವರು ಪರಸೋಂ ಎಂದರೆ ಅದು ಮೊನ್ನೆ, ಇಲ್ಲವೆ ನಾಡಿದ್ದು, ಅಷ್ಟೆ. ನಮ್ಮ ಹೈದರಾಬಾದಿನಲ್ಲಿ ಅದಕ್ಕೆ ಗಡಿಯೇ ಇಲ್ಲ. "ಪರಸೋಂ ನಿಮ್ಮ ಅಪ್ಪ ಸಿಕ್ಕಿದ್ದರು," ಎಂದು ಇಲ್ಲಿಯವನು ಹೇಳಿದರೆ, ಅಪ್ಪ ತೀರಿಕೊಂಡು ಹತ್ತು ವರ್ಷವಾಗಿದ್ದರೂ ಯಾರೂ ಬೆಚ್ಚುವುದಿಲ್ಲ. ದರ್ಜಿ ಪರಸೋಂ ಅಂಗಿ ಕೊಡುತ್ತೇನೆಂದರೆ ಹಬ್ಬಕ್ಕೆ ಹಳೆಯ ಅಂಗಿಯನ್ನೇ ಒಗೆದಿಟ್ಟುಕೊಳ್ಳುತ್ತೇವೆ. ಹೇಳಿದವನಿಗೂ ಗೊತ್ತು, ಕೇಳಿದವನಿಗೂ ಗೊತ್ತು. ಆದ್ದರಿಂದ ಅದು ಸುಳ್ಳಲ್ಲ, ಒಂದು ಬಗೆಯ ಮರ್ಯಾದೆ. ಹಾಗೆಂದು ನನಗೆ ನಾನೇ ಹೇಳಿಕೊಂಡಿದ್ದೆ.

ಗಿರಿಜಾ ಈ ಊರಿನವಳೇ. ಅವಳಿಗೆ ಪರಸೋಂ ಸಾಲುತ್ತಿರಲಿಲ್ಲ, ಕಾರಣ ಬೇಕಾಗುತ್ತಿತ್ತು. ನನ್ನ ಹತ್ತಿರ ಕಾರಣಗಳಿಗೆ ಬರವಿರಲಿಲ್ಲ. ಲಾಡ್ಜಿನ ಮಾಲೀಕರು ಬಿಡುತ್ತಿಲ್ಲ ಎಂದೆ. ಪಾಸ್‌ಪೋರ್ಟಿನಲ್ಲಿ ನನ್ನ ಹೆಸರಿಗಿಂತ ಊರ ಹೆಸರು ಮುಂದೆ ಬಂದಿದೆ, ಸರ್ಟಿಫಿಕೇಟಿನಲ್ಲಿ ಹಿಂದೆ ಇದೆ ಎಂದೆ. ಆಫ್ರಿಕಾಕ್ಕೆ ಹೋಗುವವರು ಹಳದಿ ಜ್ವರದ ಸೂಜಿ ಚುಚ್ಚಿಸಿಕೊಳ್ಳಬೇಕೆಂದು ಯಾರೋ ಹೇಳಿದ್ದರು. ಅದು ನಿಜವಾಗಿ ಬೇಕೋ ಬೇಡವೋ ನಾನು ವಿಚಾರಿಸಲಿಲ್ಲ. ಔಷಧ ಮುಗಿದಿದೆಯಂತೆ ಎಂದು ಐದು ತಿಂಗಳು ಕಳೆದೆ.

"ಹೈದರಾಬಾದ್‌ನ್ಯಾಗ ಔಷಧ ಸಿಗವಲ್ದೇನ್ರಿ?"

"ಸಿಕಂದರಾಬಾದ್‌ನ್ಯಾಗೂ ನೋಡೀನಿ. ಇಲ್ಲ."

"ನಿಮ್ಮ ಧ್ವನಿ ಭಾಳ ದಪ್ಪಾಗೈತಿ ನೋಡ್ರಿ," ಎಂದಳು. ಏಳು ಸಮುದ್ರದ ಆಚೆಯಿಂದ ಫೋನಿನಲ್ಲಿ ಗಂಡನ ಹೊಟ್ಟೆ ಕಾಣುವ ಹೆಂಗಸು ಅವಳು.

ಕಡೆಗೆ ಫೋನು ಸೌಮ್ಯಾಳ ಕೈಗೆ ಹೋಗುತ್ತಿತ್ತು. ಅವಳಿಗೂ ಅದನ್ನೇ ಹೇಳುತ್ತಿದ್ದೆ. "ಪರಸೋಂ ಬರ್ತೀನವಾ." ಅವಳು "ಹ್ಞೂಂ" ಎನ್ನುತ್ತಿದ್ದಳು.

ಇಷ್ಟೆಲ್ಲ ಆಟ ಬರೀ ಬದನೆಕಾಯಿಗಾಗಿ ಆಡಿದ್ದು ಎಂದು ಮುಗಿಸಿಬಿಟ್ಟರೆ ನೀವು ನಕ್ಕು ನನ್ನನ್ನು ಬಿಟ್ಟುಬಿಡುತ್ತೀರಿ. ಆದರೆ ತಪ್ಪೊಪ್ಪಿಗೆ ಎಂದು ಕೂತವನು ಪೂರ್ತಿ ಒಪ್ಪಿಕೊಳ್ಳಬೇಕು. ಗಿರಿಜಾ ಕಳಿಸಿದ ಫಾರಮ್ಮಿನಲ್ಲಿ ನನ್ನ ಹೆಸರಿನ ಮುಂದೆ 'ಡಿಪೆಂಡೆಂಟ್' ಎಂದು ಅಚ್ಚಾಗಿತ್ತು. ಹೆಂಡತಿಯ ಮೇಲೆ ಅವಲಂಬಿಸಿದವನು. ಇಪ್ಪತ್ತು ವರ್ಷ ನಾನು ಲಾಡ್ಜಿನ ರಿಜಿಸ್ಟರಿನಲ್ಲಿ ಗಂಡಸಿನ ಹೆಸರು, ಊರು, ಉದ್ಯೋಗ ಬರೆದು, ಅವನ ಹಿಂದೆ ನಿಂತ ಹೆಂಗಸಿಗೆ 'ಸಂಗಡ ಫ್ಯಾಮಿಲಿ' ಎಂದು ಎರಡೇ ಶಬ್ದ ಬರೆದು ಮುಗಿಸಿದವನು. ಅವಳ ಹೆಸರೇನೆಂದು ಒಬ್ಬರನ್ನೂ ಕೇಳಲಿಲ್ಲ. ಈಗ ನಾನೇ 'ಸಂಗಡ ಫ್ಯಾಮಿಲಿ' ಆಗಬೇಕಾಗಿತ್ತು. ಫಾರಮ್ಮು ನೋಡಿದ ದಿನ ಚಹಾದ ಹೋಟೆಲಿನ ಗೆಳೆಯ ಯೂಸುಫ್ ಭಾಯಿ, "ಕ್ಯಾ ಮಿಯಾಂ, ಬೀವೀ ಕೆ ಸಾಮಾನ್ ಮೇ ಬಂದ್‌ಕೇ ಜಾರೈಂ?" ಎಂದು ನಕ್ಕ. ಹೆಂಡತಿಯ ಸಾಮಾನಿನಲ್ಲಿ ಕಟ್ಟಿಸಿಕೊಂಡು ಹೋಗುತ್ತಿದ್ದೀಯಾ ಎಂದು. ನಾನೂ ನಕ್ಕೆ. ಫಾರಮ್ಮನ್ನು ರಿಜಿಸ್ಟರಿನ ಕೆಳಗೆ ಇಟ್ಟೆ. ಎರಡು ವರ್ಷ ಅದು ಅಲ್ಲೇ ಇತ್ತು.

ಎರಡನೆಯ ವರ್ಷದ ಕೊನೆಗೆ ರಜೆಯಲ್ಲಿ ಗಿರಿಜಾ, ಮಕ್ಕಳು ಬಂದರು. ಹೊಟ್ಟೆಯನ್ನು ಒಳಗೆಳೆದುಕೊಂಡು, ಕೈಯಲ್ಲಿ ಮಲ್ಲಿಗೆ ಹಿಡಿದು ಬೇಗಂಪೇಟೆಗೆ ಹೋದೆ. ಪ್ರವೀಣ ಉದ್ದವಾಗಿದ್ದ. ಸೌಮ್ಯಾ ತಾಯಿಯ ಸೆರಗು ಹಿಡಿದು ನನ್ನನ್ನು ನೋಡಿದಳು. ಆಮೇಲೆ ಬಹಳ ಸಂತೋಷದಿಂದ, ನಿಲ್ದಾಣಕ್ಕೆಲ್ಲ ಕೇಳುವಂತೆ ಕೂಗಿದಳು. "ಅಮ್ಮಾ, ಪರಸೋಂ ಬಂದಾರ!"

ಸುತ್ತಲಿದ್ದವರು ನಕ್ಕರು. ಹೈದರಾಬಾದಿನವರಲ್ಲವೆ, ಪರಸೋಂ ನಿಜವಾಗಿ ಬಂದದ್ದನ್ನು ಅವರೂ ಅವತ್ತೇ ಮೊದಲು ನೋಡಿದ್ದು. ನಾನೂ ನಕ್ಕೆ. ಮಗಳು ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡೆ. ತಮಾಷೆಯಲ್ಲ, ಅದು ನನ್ನ ಹೆಸರು ಎಂದು ಅವಳು ತಿಳಿದಿದ್ದಳು. ಮನೆಗೆ ಬಂದ ಮೇಲೂ "ಪರಸೋಂ, ನೀರು ಬೇಕ್ರಿ," "ಪರಸೋಂ, ಫ್ಯಾನ್ ಹಾಕ್ರಿ." ಹೊರಗಿನ ಗಂಡಸರಿಗೆ ಕೊಡುವ ಮರ್ಯಾದೆಯನ್ನೆಲ್ಲ ನನಗೆ ಕೊಟ್ಟಳು.

ಮಾರನೆಯ ದಿನ ಪ್ರವೀಣನನ್ನು ಕರೆದು ಕೇಳಿದೆ. ಹನ್ನೊಂದು ವರ್ಷದ ಹುಡುಗ ಲೆಕ್ಕದ ಉತ್ತರ ಒಪ್ಪಿಸುವಂತೆ ಒಪ್ಪಿಸಿದ. "ಅಲ್ಲಿ ಬಾಜೂ ಮನಿ ಆಂಟಿ ಲಖನೌದಾಕಿ ಅದಾಳ. ಪರಸೋಂ ಅಂದ್ರ ಎರಡು ದಿನ ಅಂತ ಆಕಿ ಹೇಳಿದ್ಲು. ಅದಕ್ಕ ಸೌಮ್ಯಾ ಪ್ರತಿ ಮಂಗಳವಾರ ಬೂಟ್ ಹಾಕ್ಕೊಂಡು ಗೇಟಿನ್ಯಾಗ ಕೂಡ್ತಿದ್ಲು. ಊಟಕ್ಕೂ ಬರ್ತಿದ್ದಿಲ್ಲ. ಬೂಟ್ ಸಣ್ಣವಾದ ಮ್ಯಾಲ ಬಿಟ್ಲು. ಎರಡು ದಿನಕ್ಕ ಯಾರೂ ಬರಲಿಲ್ಲಲ್ರಿ, ಅದಕ್ಕ ಪರಸೋಂ ಅಂದ್ರ ನಿಮ್ಮ ಹೆಸರ ಇರಬೇಕು ಅಂದ್ಕೊಂಡ್ಲು."

"ಅಮ್ಮ ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ನೀವು ಏನಂತಿದ್ರಿ?" ಎಂದ. ಏನೆನ್ನುತ್ತಿದ್ದೆ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು.

ಅವತ್ತೇ ಲಾಡ್ಜಿಗೆ ಹೋಗಿ ರಿಜಿಸ್ಟರ್ ಎತ್ತಿ ಫಾರಮ್ಮು ತೆಗೆದೆ. ಅದರ ಮೇಲೆ ಚಹಾದ ಕಪ್ಪಿನ ಗುಂಡು ಕಲೆಗಳಿದ್ದವು. ಹೊಸದನ್ನು ತರಿಸಿ, ಡಿಪೆಂಡೆಂಟ್ ಎಂಬಲ್ಲಿ ಸಹಿ ಹಾಕಿದೆ. ನಾಲ್ಕು ತಿಂಗಳಲ್ಲಿ ಹೋದೆ. ಸೂಜಿಯನ್ನು ಯಾರೂ ಕೇಳಲಿಲ್ಲ.

ಬೋಟ್ಸ್‌ವಾನಾದಲ್ಲಿ ಸಿಂಹಗಳಿದ್ದವೋ ಏನೋ, ನಾನು ಕಂಡದ್ದು ದನ ಮತ್ತು ಜಾಲಿ ಗಿಡ, ನಮ್ಮ ಬೀದರಿನಂತೆಯೇ. ಅಲ್ಲಿ ಮನೆಗೆಲಸ ನನ್ನದಾಯಿತು. ಟೀಚರಮ್ಮನ ಗಂಡ ರೊಟ್ಟಿ ಬಡಿಯುತ್ತಾನೆ ಎಂದು ಯಾರೂ ನಗಲಿಲ್ಲ. ಯಾರಿಗೂ ಪುರುಸೊತ್ತಿರಲಿಲ್ಲ. ನಗೆಯಾದದ್ದು ಬೇರೆಯದಕ್ಕೆ. ಸೌಮ್ಯಾ ಅಂಗಳದಲ್ಲಿ ನಿಂತು ನನ್ನನ್ನು ಪರಸೋಂ, ಪರಸೋಂ ಎಂದು ಕೂಗುವುದನ್ನು ಎದುರು ಮನೆಯ ಅಜ್ಜಿ 'ಪಾರ್ಸನ್' ಎಂದು ಕೇಳಿಸಿಕೊಂಡಿದ್ದಳು. ಪಾರ್ಸನ್ ಎಂದರೆ ಇಂಗ್ಲಿಷಿನಲ್ಲಿ ಪಾದ್ರಿಯಂತೆ. ಒಂದು ದಿನ ಆಕೆ ಮೇವು ಬಿಟ್ಟ ಮೇಕೆಯನ್ನು ಎಳೆತಂದು ನನ್ನ ಮುಂದೆ ನಿಲ್ಲಿಸಿ, ತಾನೂ ತಲೆ ಬಾಗಿಸಿ ನಿಂತಳು. ತಿಳಿಸಿ ಹೇಳುವಷ್ಟು ಇಂಗ್ಲಿಷ್ ನನಗೆ ಬಾರದು. ಮೇಕೆಯ ತಲೆಯ ಮೇಲೆ ಕೈಯಿಟ್ಟು, ಬಾಯಿಗೆ ಬಂದ ಹತ್ತೊಂಬತ್ತರ ಮಗ್ಗಿಯನ್ನು ಗಂಭೀರವಾಗಿ ಹೇಳಿದೆ. ಮೇಕೆ ಸಂಜೆಗೆ ಮೇವು ತಿಂದಿತು. ಗಿರಿಜಾ ಎರಡು ದಿನ ನಕ್ಕಳು. ಎರಡು ವರ್ಷದ ಮೇಲೆ ಅವಳು ನನ್ನೆದುರು ನಕ್ಕದ್ದು ಅದೇ ಮೊದಲು.

ಇಷ್ಟನ್ನೂ ಇವತ್ತು ಚಹಾದ ಹೊತ್ತಿಗೆ ಗುರುರಾಜನಿಗೆ ಹೇಳಿದೆ. ತಲೆ ಒರೆಸಿಕೊಳ್ಳುತ್ತ ಬಂದವನನ್ನು ಕೂರಿಸಿ, "ಅಳಿಯಾರ, ನಿಮ್ಮ ವೀಸಾದ ಫಾರಂ ತುಂಬೀರೇನು?" ಎಂದು ಕೇಳಿದೆ.

"ತುಂಬ್ತೀನ್ರಿ ಮಾವಾರ. ಅವಸರ ಏನೈತಿ?"

ಆಗ ಹೇಳಿದೆ. ಸೌಮ್ಯಾ ಅಲ್ಲೇ ನೆಲದ ಮೇಲೆ ಕೂತು ಮಕ್ಕಳ ಸ್ವೆಟರುಗಳನ್ನು ಸೂಟ್‌ಕೇಸಿಗೆ ತುಂಬುತ್ತಿದ್ದಳು. ಅವಳ ಕಿವಿ ಇತ್ತ ಇಲ್ಲವೆಂದು ನನ್ನ ಎಣಿಕೆ. ಗುರುರಾಜ ಕಮಲಾಬಾಯಿಗೆ ನಕ್ಕ, ಬೂಟಿನ ಮಾತಿಗೆ ಟವೆಲ್ಲನ್ನು ತೊಡೆಯ ಮೇಲೆ ಮಡಿಸಿಟ್ಟ, ಮೇಕೆಗೆ ಪೂರ್ತಿ ನಗಲಿಲ್ಲ. ಆಮೇಲೆ ಕೇಳಿದ. "ಮಾವಾರ, ಮತ್ತ ಆಕಿ ನಿಮಗ ಅಪ್ಪಾ ಅಂತ ಯಾವಾಗ ಅಂದ್ಳು?"

ಅದೇ ನೋಡಿ, ನಾನು ಹೇಳದೆ ಬಿಟ್ಟದ್ದು. ಅಲ್ಲಿ ಹೋದ ಮೇಲೆ ಎಂಟು ತಿಂಗಳು ಆ ಒಂದು ಶಬ್ದಕ್ಕಾಗಿ ಕಾದೆ. ಕೇಳಿ ಪಡೆಯುವ ಮುಖ ನನಗಿರಲಿಲ್ಲ. ಶಾಲೆಯಿಂದ ಬಂದಾಗ, ಊಟಕ್ಕೆ ಕೂತಾಗ, ಜ್ವರ ಬಂದಾಗ ಕಿವಿ ತೆರೆದು ಕಾದೆ. ಒಂದು ದಿನ ಅಡುಗೆಮನೆಯಲ್ಲಿ ಉಳ್ಳಾಗಡ್ಡಿ ಸುಲಿಯುತ್ತ ಕೂತಿದ್ದೆ. ಹಿಂದಿನಿಂದ ಸೌಮ್ಯಾ ಏನೋ ಕೇಳಿದಳು, "ಏನವಾ?" ಎಂದು ಓಗೊಟ್ಟೆ, ಏನೋ ಕೊಟ್ಟೆ, ಹೋದಳು. ಸಂಜೆ ಗಿರಿಜಾ, "ಇವತ್ತು ಅಪ್ಪಾ ಅಂದ್ಳಲ್ರಿ," ಎಂದಾಗಲೇ ನನಗೆ ಗೊತ್ತಾದದ್ದು. ಎಂಟು ತಿಂಗಳು ಕಾದ ಮಾತು ಬಂದಾಗ ನನ್ನ ಲಕ್ಷ್ಯ ಬೇರೆಲ್ಲೋ ಇತ್ತು. ಏನು ಕೇಳಿದ್ದಳು, ಹೇಗೆ ಅಂದಳು, ಏನೂ ನೆನಪಿಲ್ಲ. ಇದನ್ನೂ ಗುರುರಾಜನಿಗೆ ಹೇಳಿದೆ.

ಅವನು ಚಹಾದ ಕಪ್ಪು ಕೆಳಗಿಟ್ಟ. "ಸೌಮ್ಯಾ, ನನ್ನ ಫಾರಂ ಎಲ್ಲಿಟ್ಟಿ?"

ಸೌಮ್ಯಾ ಸ್ವೆಟರಿನ ಎರಡು ತೋಳುಗಳನ್ನು ಮಡಿಸಿ, ತಲೆ ಎತ್ತದೆ ನನಗೆ ಹೇಳಿದಳು. "ಉಳ್ಳಾಗಡ್ಡಿ ಅಲ್ಲಪ್ಪಾ. ಬಳ್ಳೊಳ್ಳಿ ಸುಲಿಯಾಕತ್ತಿದ್ರಿ."