ಚಿಕ್ಕಮ್ಮ ನಂಬಿದ ಆಯ್ತು

ಅಲ್ಲ ಕಣೇ, ಚಿಕ್ಕಮ್ಮಂಗೆ ಕೊಬ್ಬು ಅಂತೀಯಲ್ಲ, ಕೂತ್ಕೋ ಇಲ್ಲಿ. ಕೊಬ್ಬಲ್ಲ ಅದು, ಮಾತಾಡೋಕೇ ಹೆದರಿಕೆ ಅವಳಿಗೆ. ಕಿರಿ ಸೊಸೆಯಾಗಿ ಈ ಮನೆಗೆ ಬಂದಾಗ ಹೊಲಿಗೆ ಮಿಷನ್ನೂ ಬಾಯೂ ಒಟ್ಟೊಟ್ಟಿಗೇ ಓಡೋದು. ನಿನ್ನ ಚಿಕ್ಕಪ್ಪ ಅಂತಿದ್ದ, "ಮಿಷನ್ನಿಗಾದ್ರೂ ಆಗಾಗ ಎಣ್ಣೆ ಬಿಡ್ಬೇಕು, ಇವಳಿಗೆ ಅದೂ ಬೇಡ" ಅಂತ. ಅವನೇನು ಕಮ್ಮಿನಾ, ನಿದ್ದೇಲೂ ಮಾತಾಡ್ತಾನೆ. ಇರ್ಲಿ ಬಿಡು.

ಆ ಬಾಯಿ ನೋಡೇ ಶಾಲೆ ಮಕ್ಕಳ ಅಪ್ಪ ಅಮ್ಮಂದಿರೆಲ್ಲ ಸೇರಿ ಅವಳನ್ನ ಶಾಲೆ ಸಮಿತಿಗೆ ಕಳಿಸಿದ್ದು. ಮೊದಲು ಅವಳ ಹೆಸರು ಹೇಳಿದ್ದು ಇಸ್ತ್ರಿ ಅಂಗಡಿಯವಳು. ಇಬ್ಬರ ಅಂಗಡಿಗೂ ಮಧ್ಯೆ ಒಂದೇ ಗೋಡೆ. ಇವಳು ಹೊಲಿದದ್ದು ಅವಳ ಕೈಲಿ ಇಸ್ತ್ರಿಯಾಗಿಯೇ ಗಿರಾಕಿಗೆ ಹೋಗೋದು. ಟೀ ಬಂದ್ರೆ ಗೋಡೆ ಕುಟ್ಟೋರು, ಜಗಳ ಬಂದ್ರೂ ಗೋಡೆ ಕುಟ್ಟೋರು.

ಹೋದ ವರ್ಷ ಶಾಲೆಗೆ ಮೇಲಿಂದ ಬರೋ ದುಡ್ಡು ಕಡಿತ ಆಯ್ತು ನೋಡು, ಅಲ್ಲಿಂದ ಶುರು. ಇದ್ದಿದ್ದು ಎರಡು ಖರ್ಚು, ಎರಡಕ್ಕೂ ಕತ್ತರಿ ಕಾದಿತ್ತು. ಒಂದು, ಕಲ್ಲುಕ್ವಾರಿ ಕಡೆಯ ಮಕ್ಕಳನ್ನ ಕರ್ಕೊಂಡು ಬರೋ ವ್ಯಾನು. ಇಸ್ತ್ರಿಯವಳ ಮನೆ ಆ ಕಡೆಗೇ, ಅವಳ ಅವಳಿ ಹೆಣ್ಣುಮಕ್ಕಳು ಅದರಲ್ಲೇ ಬರೋದು. ಇನ್ನೊಂದು, ಓದಿನ ಟೀಚರ್. ಅಕ್ಷರ ಹಿಂದುಮುಂದಾಗಿ ಕಾಣೋ ಮಕ್ಕಳನ್ನ ಪಕ್ಕದಲ್ಲಿ ಕೂರಿಸ್ಕೊಂಡು ಕಲಿಸೋರು ಅವರು. ನಿನ್ನ ತಂಗಿ, ಚಿಕ್ಕಮ್ಮನ ಮಗಳು, 'ಮರ' ಅಂತ ಬರೆದಿದ್ರೆ 'ರಮ' ಅಂತ ಓದೋದು ಕೂಸು. ಆ ಟೀಚರ್ ಬಂದ ಮೇಲೆ ಅಂಗಡಿ ಬೋರ್ಡುಗಳನ್ನೆಲ್ಲ ಓದ್ತಾ ಬರ್ತಿತ್ತು. ಅವಳಮ್ಮನ ಕಣ್ಣಲ್ಲಿ ನೀರು ಬರೋದು.

ಸಮಿತಿ ಅಧ್ಯಕ್ಷರು ಆ ಬಣ್ಣದ ಅಂಗಡಿಯವರು, ಗೊತ್ತಲ್ಲ, ಉಗುರಲ್ಲಿ ಯಾವಾಗ್ಲೂ ಒಂದು ಬಣ್ಣ. ಅವರಿಗೆ ಬೀದಿಯವರೆಲ್ಲ ಆಯ್ತಪ್ಪ ಅಂತ ಹೆಸರಿಟ್ಟಿದಾರೆ. ಫೋನ್ ಎತ್ತಿದ್ರೆ ಆಯ್ತು, ಇಟ್ರೆ ಆಯ್ತು. ಸಭೆ ನಡೆದದ್ದು ಒಂದನೇ ಕ್ಲಾಸಿನ ರೂಮಲ್ಲಿ. ಮಕ್ಕಳ ಬೆಂಚು, ದೊಡ್ಡವರ ಮಂಡಿ ಎದೆಗೆ ತಾಗೋದು.

"ಎರಡೂ ಬೇಕು ಅಂತ ಹಟ ಹಿಡಿದ್ರೆ ಎಲ್ಲಿಂದ ತರ್ಲಮ್ಮ? ಎರಡರಲ್ಲಿ ಒಂದು ಬಿಟ್ಟುಕೊಡಿ" ಅಂದ್ರು ಅಧ್ಯಕ್ಷರು.

ಚಿಕ್ಕಮ್ಮ ಅವತ್ತು ನೇರ ಅಂಗಡಿಗೆ ಬಂದು ಗೋಡೆ ಕುಟ್ಟಿದ್ಲು. "ವ್ಯಾನು ನಿಮ್ಮ ಮಕ್ಕಳಿಗೆ, ಟೀಚರ್ ನನ್ನ ಮಗಳಿಗೆ. ನಾನು ಹೆಂಗೆ ಬಾಯಿ ಬಿಡ್ಲಿ ಹೇಳು."

ಇಸ್ತ್ರಿಯವಳು ಕೆಂಡ ಕೆದಕ್ತಾ ಕೆದಕ್ತಾ, "ಲಾರಿ ಓಡಾಡೋ ರಸ್ತೆ ಕಣೇ ಅದು" ಅಂದ್ಲು. ಆಮೇಲೆ, "ಹೋಗ್ಲಿ, ಮಕ್ಕಳು ಒಂದು ವರ್ಷ ನಡೀತಾವೆ. ನಿನ್ನ ಕೂಸಿಗೆ ಅಕ್ಷರ ಬರ್ಲಿ. ಕ್ವಾರಿ ಕಡೆಯವರಿಗೆ ನಾನು ಹೇಳ್ತೀನಿ. ಆದ್ರೆ ಟೀಚರ್ ಉಳೀಬೇಕು, ಅದು ನಿನ್ನ ಜವಾಬ್ದಾರಿ."

ಮುಂದಿನ ಸಭೇಲಿ ಇವಳು ಎದ್ದು ನಿಂತು ಹೇಳಿದ್ಲು, "ವ್ಯಾನು ಬಿಡ್ತೀವಿ. ಟೀಚರನ್ನ ಉಳಿಸ್ಕೊಡಿ."

"ಆಯ್ತಮ್ಮ, ಆಯ್ತು" ಅಂದ್ರು ಅವರು.

ಅಷ್ಟೇ ಸಾಕಾಯ್ತು ಇವಳಿಗೆ. ಬೀದಿ ತುಂಬ ಹೇಳ್ಕೊಂಡು ಬಂದ್ಲು. ಆಯ್ತು ಅಂದ್ರು, ಆಯ್ತು ಅಂದ್ರು. ನನಗೂ ಹೇಳಿದ್ಲು, ಪಾಯಸಾನೇ ಕುಡಿದೋರ ಹಂಗೆ ಮುಖ.

ಆಮೇಲೆ ಎಲ್ಲರನ್ನೂ ಕರೆಸಿ ವರ್ಷದ ಬಜೆಟ್ ಓದಿದ್ರು. ವ್ಯಾನೂ ಇಲ್ಲ, ಟೀಚರೂ ಇಲ್ಲ. ಚಾವಣಿ ಸೋರ್ತಿತ್ತಂತೆ, ಉಳಿದದ್ದೆಲ್ಲ ಅದಕ್ಕೆ.

ಇವಳು ಎದ್ದ ರಭಸಕ್ಕೆ ಬೆಂಚು ಹಿಂದಕ್ಕೆ ಬಿತ್ತು. "ಆಯ್ತು ಅಂದ್ರಲ್ಲ ಸಾರ್ ನೀವು!"

"ಅಂದೆನಮ್ಮ. ನೀವು ಹೇಳಿದ್ದು ಕೇಳಿಸ್ತು ಅಂತ ಅಂದೆ. ಮಾಡ್ಕೊಡ್ತೀನಿ ಅಂದ್ನಾ?"

ಯಾರೋ ಹಿಂದಿಂದ ಕಿಸಕ್ ಅಂದ್ರು. ಅಧ್ಯಕ್ಷರು ನಗಲಿಲ್ಲ, ಪಾಪ. ಮೋಸಗಾರ ಅನ್ನೋಕೂ ಬಾಯಿ ಬರಲ್ಲ ನನಗೆ. ಆ ಚಾವಣಿ ಮಕ್ಕಳ ತಲೆ ಮೇಲೆ ಬಿದ್ದಿದ್ರೆ ಅವರನ್ನೇ ಬೈತಿದ್ವಿ.

ಇಸ್ತ್ರಿಯವಳು ಮಾತ್ರ ಹೊರಗೆ ಗೇಟಲ್ಲಿ ಇವಳನ್ನ ನಿಲ್ಲಿಸಿದ್ಲು. "ಬಾಯಿ ಇದೆ ಅಂತ ನಿನ್ನ ಕಳಿಸಿದ್ವಿ. 'ಮಾಡ್ತೀರಾ ಇಲ್ವಾ' ಅಂತ ಒಂದು ಮಾತು ಕೇಳೋಕೆ ಆಗ್ಲಿಲ್ವೇನೇ ಆ ಬಾಯಿಗೆ?"

"ನಂಬಿದೆ ಕಣೇ..."

"ನಾನೂ ನಂಬಿದೆ. ನಿನ್ನನ್ನ."

ಅವತ್ತಿಂದ ಗೋಡೆ ಕುಟ್ಟೋದು ನಿಂತಿದೆ. ತನ್ನ ಮಗಳಿಗೋಸ್ಕರ ನಮ್ಮ ವ್ಯಾನು ಮಾರ್ಕೊಂಡ್ಲು ಅಂತ ಕ್ವಾರಿ ಕಡೆಯವರು ಆಡ್ಕೋತಾರೆ. ಆ ಮಗಳು ನೋಡಿದ್ರೆ ಮತ್ತೆ ಪುಸ್ತಕ ಮುಚ್ಚಿಟ್ಟು ಕಿಟಕೀಲಿ ಕೂರುತ್ತೆ. ಚಿಕ್ಕಮ್ಮ ಸಮಿತಿ ಬಿಟ್ಲು. ಗಿರಾಕಿ ಬಂದು ನಾಳೆ ಕೊಡ್ತೀರಾ ಅಂದ್ರೆ ಹೂಂ ಅನ್ನೋಕೂ ಯೋಚನೆ ಮಾಡ್ತಾಳೆ. ಬೆಳಿಗ್ಗೆ ಅಂಗಡಿ ತೆಗೆಯೋದು ಬಿಟ್ಟು ಕ್ವಾರಿ ತಿರುವಿಗೆ ಹೋಗ್ತಾಳೆ. ಆ ಅವಳಿಗಳು ಶಾಲೆ ತಲುಪೋವರೆಗೂ ಲಾರಿ ಓಡಾಡೋ ಬದಿಗೆ ತಾನಿದ್ದು ಹಿಂದೆ ಹಿಂದೆ ನಡೀತಾಳೆ. ಅವರಮ್ಮ ಬೇಡ ಅಂದಿಲ್ಲ, ಬಾ ಅಂತಾನೂ ಅಂದಿಲ್ಲ. ಮಕ್ಕಳು ತಿರುಗಿ ನೋಡಲ್ಲ. ಹಂಗಂತ ಹೇಳಿಕೊಟ್ಟಿದಾರೋ ಏನೋ.

ಮೈ ಸುಡ್ತಿದೆ ಚಿಕ್ಕಮ್ಮಂಗೆ ರಾತ್ರಿಯಿಂದ, ಆದ್ರೂ ಆಗಲೇ ಚಪ್ಪಲಿ ಹುಡುಕ್ತಿದ್ಲು. ನಾನೇ ಗದರಿಸಿ ಮಲಗಿಸಿದೀನಿ. ನೀನು ಎದ್ದೇಳು ಮಗಾ, ಕ್ವಾರಿ ತಿರುವಿಗೆ ಹೋಗು. ಆ ಅವಳಿಗಳು ಬಂದ್ಮೇಲೆ ಲಾರಿ ಓಡಾಡೋ ಬದಿಗೆ ನೀನಿರು, ಶಾಲೆ ಗೇಟಿನೊಳಗೆ ಹೋಗೋವರೆಗೂ ಬಿಡ್ಬೇಡ. ಅವರಮ್ಮ ಕೇಳಿದ್ರೆ ಚಿಕ್ಕಮ್ಮಂಗೆ ಜ್ವರ ಅನ್ನು. ಕೇಳದಿದ್ರೆ ಏನೂ ಹೇಳ್ಬೇಡ.