ಯಾಸ್ಮಿನ ಹೇಳಿ ಬರೆಸಿದ ಅಢಾವೆ ಪತ್ರಿಕೆ

ಎರಡು ಸಾವಿರದ ಮೂರರ ಜೂನ್. ಗಜೇಂದ್ರಗಡದ ಕಾಲೇಜಿನಲ್ಲಿ ಬಿ.ಕಾಂ. ಪ್ರವೇಶಕ್ಕೆ ಪಾಳಿ ಹಚ್ಚಿದ್ದೆವು. ನನ್ನ ಮುಂದೆ ಮುಶಿಗೇರಿಯ ಯಾಸ್ಮಿನ ತಂದೆ ಜಮಾಲಸಾಬರ ತೋಳು ಹಿಡಿದು ನಿಂತಿದ್ದಳು. ಒಂಬತ್ತನೆಯ ತರಗತಿಯಲ್ಲಿದ್ದಾಗ ಬಂದ ಜ್ವರದಲ್ಲಿ ಅವಳ ಎರಡೂ ಕಣ್ಣು ಹೋಗಿದ್ದವು. ಆಮೇಲಿನ ಪರೀಕ್ಷೆಗಳನ್ನೆಲ್ಲ ಅವಳು ಬಾಯಲ್ಲಿ ಹೇಳಿ, ಬೇರೆಯವರ ಕೈಯಿಂದ ಬರೆಸಿ ಪಾಸಾಗಿದ್ದಳು.

ಅಕೌಂಟ್ಸ್ ಕಲಿಸುವ ಮಹಾಲಿಂಗಪ್ಪ ಸರ್ ಅರ್ಜಿ ನೋಡಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಬಿ.ಎ. ಮಾಡವಾ, ಅದ ಚಲೋ. ಅಕೌಂಟ್ಸ್ ಅಂದ್ರ ಬರೇ ಗೆರಿ, ಬರೇ ಅಂಕಣ. ಕಾಣದ ಹ್ಯಾಂಗ ಮಾಡ್ತಿ?"

"ಗೆರಿ ನೋಡಾವ್ರಿಗೆ ಬೇಕ್ರಿ ಸರ್. ನನಗ ಯಾವ್ದು ಎಡಕ, ಯಾವ್ದು ಬಲಕ ಅನ್ನೂದು ತಿಳದ್ರ ಸಾಕ್ರಿ."

ಸರ್ ಕನ್ನಡಕ ಮತ್ತೆ ಹಾಕಿಕೊಂಡು, "ಒಂದ ಟೆಸ್ಟ್ ನೋಡೂಣು" ಎಂದು ಸಹಿ ಹಾಕಿದರು.

ನನ್ನ ಊರು ಪುರ್ತಗೇರಿ. ಕಾಲೇಜು ಬಿಟ್ಟ ಮೇಲೆ ನಮ್ಮಿಬ್ಬರ ಬಸ್ಸಿಗೂ ಒಂದು ತಾಸು ತಡ. ಆ ಹೊತ್ತಿನಲ್ಲಿ ವರಾಂಡದ ಕಟ್ಟೆಯ ಮೇಲೆ ಕೂತು ನಾನು ಲೆಕ್ಕ ಓದುವುದು, ಅವಳು ಕೇಳುವುದು ರೂಢಿಯಾಯಿತು. ಉಪಕಾರ ಮಾಡುತ್ತಿದ್ದೇನೆ ಎಂಬ ಬಿಂಕ ನನಗೆ ಹದಿನೈದು ದಿನವೂ ಉಳಿಯಲಿಲ್ಲ. ನಾನು ಕಾಗದದ ಮೇಲೆ ಕೂಡಿಸುತ್ತಿರುವಾಗಲೇ ಅವಳು ಮೊತ್ತ ಹೇಳಿಬಿಡುತ್ತಿದ್ದಳು. ಸಿಟ್ಟು ಮಾತ್ರ ಮೂಗಿನ ತುದಿಯಲ್ಲಿ. ಒಂದು ಸೊನ್ನೆ ಬಿಟ್ಟು ಓದಿದರೂ, "ರಾಜೇಶ್ವರಿ, ನಿನಗ ಕಣ್ಣ ಅದಾವೋ ಇಲ್ಲೋ?" ಎಂದು ಗದರುತ್ತಿದ್ದಳು. ಇಬ್ಬರೂ ನಗುತ್ತಿದ್ದೆವು.

ಆದರೆ ಮೊದಲ ಟೆಸ್ಟಿನಲ್ಲಿ ಅವಳಿಗೆ ಐವತ್ತಕ್ಕೆ ಹನ್ನೊಂದು ಬಂತು. ಉತ್ತರವೆಲ್ಲ ಅವಳಿಗೆ ಗೊತ್ತಿತ್ತು. ಯಾವ ಬಾಬ್ತು ಹಾಳೆಯ ಯಾವ ಭಾಗದಲ್ಲಿ, ಯಾವುದರ ಕೆಳಗೆ ಬರಬೇಕು ಎಂದು ಬರೆಯುವವಳಿಗೆ ಹೇಳಲು ಬಂದಿರಲಿಲ್ಲ. ಸರ್ ಅವಳನ್ನು ಬಿಡಿಸಲಿಲ್ಲ, ವರ್ಷದ ಪರೀಕ್ಷೆಯ ತನಕ ನೋಡುತ್ತೇನೆ ಎಂದರು.

ಜಮಾಲಸಾಬರು ಗಾದಿ ಹೊಲಿಯುವವರು. ಆ ವಾರ ಯಾಸ್ಮಿನ ಅವರ ಮುಂದೆ ದಪ್ಪ ಬಟ್ಟೆಯ ತುಂಡು ಹಾಸಿ, ನಡುವೆ ಒಂದು ಸಾಲು, ಎರಡೂ ಕಡೆ ರೊಕ್ಕದ ಅಂಕಣಕ್ಕೆ ಒಂದೊಂದು ಸಾಲು, ಮೇಲೆ ತಲೆಬರಹಕ್ಕೆ ಅಡ್ಡ ಸಾಲು ಹೊಲಿಸಿಕೊಂಡಳು. ಸಹಿಯನ್ನೂ ಕಷ್ಟಪಟ್ಟು ಮಾಡುತ್ತಿದ್ದ ಆ ಮನುಷ್ಯ ಗಾದಿಯ ದಾರದಲ್ಲಿ ಅಢಾವೆ ಪತ್ರಿಕೆಯ, ಅಂದರೆ ಬ್ಯಾಲೆನ್ಸ್ ಶೀಟಿನ, ನಮೂನೆ ಹೊಲಿದುಕೊಟ್ಟರು. ಎಡಕ್ಕೆ ಹೊಣೆ, ಬಲಕ್ಕೆ ಆಸ್ತಿ, ಎರಡರ ಮೊತ್ತವೂ ಒಂದೇ ಬರಬೇಕು.

"ಇದರಾಗ ಏನ ತುಂಬ್ತೀಯವಾ?" ಎಂದು ಅವರು ಕೇಳಿದರಂತೆ.

"ಒಂದ ಅಂಗಡಿ ತುಂಬ್ತೀನಿ ಅಬ್ಬಾ, ಪೂರಾ ಅಂಗಡಿ."

ಬೆರಳಿನಿಂದ ಆ ಸಾಲುಗಳನ್ನು ಸವರುತ್ತ ಸವರುತ್ತ ಇಡೀ ಹಾಳೆ ಅವಳ ತಲೆಯೊಳಗೆ ಕೂತಿತು. ವರ್ಷದ ಪರೀಕ್ಷೆಗೆ ಅವಳ ಪರವಾಗಿ ಬರೆಯಲು ಬಂದವಳು ಪಿಯುಸಿ ಆರ್ಟ್ಸ್ ಓದುತ್ತಿದ್ದ ಅಫ್ರೀನ. ಬರೆಯುವವರಿಗೆ ಆ ವಿಷಯ ಗೊತ್ತಿರಬಾರದು ಎಂಬುದು ನಿಯಮ. ಅವರಿಬ್ಬರನ್ನು ಬೇರೆ ಕೋಣೆಯಲ್ಲಿ ಕೂಡಿಸಿದ್ದರು. ಅಲ್ಲಿ ನಡೆದದ್ದನ್ನು ಆಮೇಲೆ ಅಫ್ರೀನಳೇ ನನಗೆ ಹೇಳಿದಳು.

ಕೊನೆಯ ದೊಡ್ಡ ಲೆಕ್ಕ ಮುಗಿದಾಗ ಎರಡು ಕಡೆಯ ಮೊತ್ತ ತಾಳೆಯಾಗಲಿಲ್ಲ. ಹದಿನೈದು ನಿಮಿಷ ಉಳಿದಿತ್ತು. ಅಫ್ರೀನ ಪೆನ್ನು ಕೆಳಗಿಟ್ಟಳು.

"ಆಪಾ, ಕೂಡವಲ್ದು. ಎಲ್ಲಾ ಹೊಡದ ಹಾಕಿ ಹೊಸದಾಗಿ ಬರೀಲ್ಯಾ?"

"ಬ್ಯಾಡ. ಫರಕ ಎಷ್ಟ ಬರ್ತೈತಿ ಹೇಳು."

"ಇಪ್ಪತ್ತೇಳ ಸಾವಿರ. ಆಸ್ತಿ ಕಡೆ ಕಡಿಮಿ."

ಯಾಸ್ಮಿನ ಮುಖ ಮೇಲೆತ್ತಿ ಅರೆಗಳಿಗೆ ಯೋಚಿಸಿದಳು. "ಒಂಬತ್ತರಿಂದ ಭಾಗ ಹೋಗತೈತಿ. ಹಂಗಾದ್ರ ಎಲ್ಲೋ ಎರಡ ಅಂಕಿ ಅದಲಬದಲ ಆಗಿರಬೇಕು. ಬಲಗಡೆ ಬರದದ್ದು ಒಂದೊಂದ ಓದು. ಅಂಜಬ್ಯಾಡ."

ಅಫ್ರೀನ ಓದುತ್ತ ಹೋದಳು. ಕಟ್ಟಡ, ಪೀಠೋಪಕರಣ, "ಯಂತ್ರ, ಮೂವತ್ತಾರ ಸಾವಿರ..."

"ನಿಂದ್ರು. ನಾ ಹೇಳಿದ್ದು ಅರವತ್ಮೂರು."

ಪ್ರಶ್ನೆಪತ್ರಿಕೆಯಲ್ಲಿ ಅರವತ್ತಮೂರು ಸಾವಿರವೇ ಇತ್ತು. ತಿದ್ದಿ ಕೂಡಿಸಿದಾಗ ಎರಡೂ ಕಡೆ ಒಂದೇ ಮೊತ್ತ. ಅಫ್ರೀನ ಅಳುತ್ತಿದ್ದಳು. ತಾನು ತಪ್ಪು ಬರೆದೆ ಎಂದು ಹತ್ತು ಸಲ ಹೇಳಿದಳು. ನನ್ನ ಮೇಲೆ ಒಂದು ಸೊನ್ನೆಗೂ ಸಿಡುಕುತ್ತಿದ್ದ ಯಾಸ್ಮಿನ ಅವಳಿಗೆ ಹೇಳಿದ್ದು ಇಷ್ಟೇ: "ಮೂರ ತಾಸ ಬರದೀದಿ. ಒಂದ ತಪ್ಪ ಏನ್ ದೊಡ್ಡದು? ಕೈ ನೋಯ್ತಾವೇನ?"

ಫಲಿತಾಂಶ ಬಂದಾಗ ಅಕೌಂಟ್ಸಿನಲ್ಲಿ ಅವಳಿಗೆ ಎಂಬತ್ತೊಂದು, ನನಗೆ ಐವತ್ತೆಂಟು. ಅದೂ ಅವಳಿಗೆ ಓದಿ ಹೇಳಿದ್ದರಿಂದ ಬಂದ ಐವತ್ತೆಂಟು.

ಎರಡು ಸಾವಿರದ ಆರರಲ್ಲಿ ನಮ್ಮ ಪದವಿ ಮುಗಿಯಿತು. ನನಗೆ ರೋಣಕ್ಕೆ ಮದುವೆಯಾಯಿತು. ಅವಳು ಕೆಲಸಕ್ಕೆ ಹಾಕಿದ ಅರ್ಜಿಗಳು ಎರಡು ವರ್ಷ ಎಲ್ಲಿಯೂ ಹತ್ತಲಿಲ್ಲ. ಒಂದು ಕಚೇರಿಯಲ್ಲಂತೂ ಒಳಗೇ ಬಿಡಲಿಲ್ಲ. ಒಂದು ದಿನ ಮಹಾಲಿಂಗಪ್ಪ ಸರ್ ತಾವೇ ಮುಶಿಗೇರಿಗೆ ಹೋದರು.

"ನನ್ನ ಕ್ಲಾಸಿನಾಗ ಎಂಟ ಮಂದಿ ಫೇಲ ಆಗ್ಯಾರ. ನಾ ಹೇಳಿದ್ದು ಅವರ ತಲಿಗೆ ಹೋಗವಲ್ದು. ನೀ ಕಲಸ್ತೀಯೇನವಾ? ಅವತ್ತ ನಿನಗ ಬಿ.ಎ. ಮಾಡು ಅಂದಿದ್ನಿ. ನಂದ ತಪ್ಪಾತು."

"ತಪ್ಪ ಅನಬ್ಯಾಡ್ರಿ ಸರ್. ಸಹಿ ಹಾಕಿದವ್ರೂ ನೀವ ಅಲ್ರಿ."

ಹೀಗೆ ಶುರುವಾದ ಟ್ಯೂಷನ್ ಗಜೇಂದ್ರಗಡದಲ್ಲಿ ಬಾಡಿಗೆ ಕೋಣೆಗೆ ಬಂತು. ಎರಡು ಸಾವಿರದ ಒಂಬತ್ತರಲ್ಲಿ ನಾನು ನೋಡಲು ಹೋದಾಗ ಹತ್ತೊಂಬತ್ತು ಮಂದಿ ಚಾಪೆಯ ಮೇಲೆ ಕೂತಿದ್ದರು. ಹುಡುಗಿಯೊಬ್ಬಳು ತಾನು ಮಾಡಿದ ಲೆಕ್ಕವನ್ನು ಜೋರಾಗಿ ಓದುತ್ತಿದ್ದಳು. ಯಾಸ್ಮಿನ ನಡುವೆಯೇ ಕೈ ಎತ್ತಿದಳು.

"ಅಲ್ಲೆ ನಿನ್ನ ದನಿ ಸಣ್ಣ ಆತು. ನಿನಗ ಸಂಶೆ ಐತಿ. ಆ ಸಾಲ ಇನ್ನೊಮ್ಮೆ ನೋಡು."

ಹುಡುಗಿ ನೋಡಿದಳು. ತಪ್ಪು ಅಲ್ಲಿಯೇ ಇತ್ತು.