ಚಿಗವ್ವನಿಗೆ ಬೆವರು ಬಂದದ್ದು

ವೈಶಾಖದ ಉರಿಬಿಸಿಲಿನಲ್ಲಿ ಕಂಬಳಿ ಹೊದ್ದು ಕುಳಿತವರನ್ನು ಕಂಡರೆ ಯಾರಿಗಾದರೂ ನಗೆ ಬರುತ್ತದೆ. ನಾನಂತೂ ಮೂಡಲಗಿಯ ನಮ್ಮ ನೀಲವ್ವ ಚಿಗವ್ವನನ್ನು ನೋಡಿ ನಾಲ್ಕು ಬೇಸಿಗೆ ನಕ್ಕಿದ್ದೇನೆ. ನಕ್ಕದ್ದು ಸಾಲದೆಂದು, ಸಾಲಿಯ ಮಾಸ್ತರನೆಂಬ ಗತ್ತಿನಲ್ಲಿ, ಆಲಸ್ಯವೆಂಬ ಮಹಾಶತ್ರುವನ್ನು ಕುರಿತು ಆಕೆಗೆ ಉಪನ್ಯಾಸವನ್ನೂ ಕೊಟ್ಟಿದ್ದೇನೆ.

ಚಿಗವ್ವ ನನ್ನ ತಾಯಿಯ ತಂಗಿ. ಹುಕ್ಕೇರಿಯಿಂದ ಮದುವೆಯಾಗಿ ಬಂದಾಗ ಆಕೆಯ ಚುರುಕು ಓಣಿಗೆಲ್ಲ ಮಾತಾಗಿತ್ತು. ಉಳಿದವರು ಹಿಟ್ಟು ನಾದುವಷ್ಟರಲ್ಲಿ ಆಕೆಯ ರೊಟ್ಟಿಬುಟ್ಟಿ ತುಂಬುತ್ತಿತ್ತು. ಬೀಸುವ ಕಲ್ಲಿನ ಮುಂದೆ ಕುಳಿತು ಹಾಡಿದರೆ ಹಾದಿಹೋಕರು ನಿಲ್ಲುತ್ತಿದ್ದರು. ಮೂವತ್ತೈದರ ಸುಮಾರಿಗೆ ಏನಾಯಿತೋ, ಮುಖ ಊದಿತು, ಕೂದಲು ಉದುರಿತು, ದನಿ ಗೊಗ್ಗರಾಯಿತು. ಬೀಸುತ್ತ ಬೀಸುತ್ತ ಗೂಟ ಹಿಡಿದೇ ನಿದ್ದೆ ಹೋಗುವಳು. ಅತ್ತೆ ಗಂಗವ್ವ ಸೊಸೆಗೆ "ಆಳಸಿ" ಎಂದು ಎರಡನೆಯ ನಾಮಕರಣ ಮಾಡಿಬಿಟ್ಟಳು.

ಹೀಗೇ ನಾಲ್ಕನೆಯ ಬೇಸಿಗೆಯಲ್ಲಿ ನನಗೆ ಹಸಿವಾಗುವುದಿಲ್ಲವೆಂಬ ಘನವಾದ ರೋಗ ಬಂತು. ಚಕ್ಕಡಿ ಹೂಡಿಸಿ ಗೋಕಾಕದ ಡಾಕ್ಟರರ ಬಳಿ ಹೊರಟಾಗ, ಬಳೆ ಇಡಿಸಿಕೊಳ್ಳಬೇಕೆಂದು ಚಿಗವ್ವನೂ ಹತ್ತಿದಳು. ಡಾಕ್ಟರರು "ಮಾಸ್ತರ, ಚಾ ಕಡಿಮಿ ಮಾಡ್ರಿ" ಎಂದು ನನ್ನ ಘನರೋಗವನ್ನು ಒಂದೇ ಮಾತಿನಲ್ಲಿ ಮುಗಿಸಿ, ಮೂಲೆಯಲ್ಲಿ ಕಂಬಳಿ ಹೊದ್ದು ಕುಳಿತವಳ ಕಡೆ ತಿರುಗಿದರು.

"ಯವ್ವಾ, ಎಲ್ಲಾರಿಗೂ ಸೆಕಿ ಆಗೂವಾಗ ನಿಮಗ ಥಂಡಿ ಹತ್ತತೈತೇನ್ರಿ?"

"ಹತ್ತತೈತ್ರಿ. ಆದ್ರ ಯಾರೂ ಖರೆ ಅನ್ನೂದಿಲ್ರಿ, ಆಳಸಿ ಅಂತಾರ್ರಿ" ಎಂದವಳೇ ಚಿಗವ್ವ ಅತ್ತುಬಿಟ್ಟಳು.

ಡಾಕ್ಟರರು ನನಗೆ ತಿಳಿಸಿ ಹೇಳಿದರು: ಕೊರಳಿನ ಮುಂಭಾಗದಲ್ಲಿ ಚಿಟ್ಟೆಯಾಕಾರದ ಒಂದು ಗ್ರಂಥಿಯಿದೆ. ಅದು ಯಾವ ನಾಳದ ಹಂಗೂ ಇಲ್ಲದೆ ತನ್ನ ರಸವನ್ನು ನೇರವಾಗಿ ರಕ್ತಕ್ಕೆ ಬಿಡುತ್ತದೆ. ಹೃದಯ, ಕರುಳು, ಮೆದುಳು ಎಷ್ಟು ವೇಗದಲ್ಲಿ ನಡೆಯಬೇಕೆಂದು ಹೇಳುವುದು ಆ ರಸವೇ. ಇಂಥ ರಸಗಳಿಗೆ ಹಾರ್ಮೋನು ಎನ್ನುತ್ತಾರೆ. ಹಾವು ಕಂಡೊಡನೆ ಓಡಲು ಕಾಲನ್ನು ಸಜ್ಜುಗೊಳಿಸುವ ಗ್ರಂಥಿ ಮೂತ್ರಪಿಂಡದ ಮೇಲಿದೆ. ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವುದು ಜಠರದ ಹಿಂದಿದೆ. ಮೆದುಳಿನ ಬುಡದಲ್ಲಿ ಬಟಾಣಿಯಷ್ಟಿರುವ ಇನ್ನೊಂದು, ನಮ್ಮ ಹೆಡ್ ಮಾಸ್ತರರಂತೆ, ಕಾಣದೆ ಕುಳಿತು ಹಲವರ ಮೇಲೆ ಹುಕುಂ ನಡೆಸುತ್ತದೆ.

"ಆಕಿ ಆಳಸಿ ಅಲ್ರಿ. ಆಕಿ ಕೊರಳಗ್ರಂಥಿ ರಸ ಕೊಡಾಕ ಒಲ್ಲೆ ಅನ್ನಾಕತ್ತೈತಿ."

ಗ್ರಂಥಗಳ ನಡುವೆಯೇ ಬದುಕಿದ ನನಗೆ ಗ್ರಂಥಿಯ ಗಂಧವೂ ಇರಲಿಲ್ಲ. ಕೊಟ್ಟ ಉಪನ್ಯಾಸಗಳೆಲ್ಲ ನೆನಪಾಗಿ ಕಿವಿ ಬಿಸಿಯಾದವು.

ಔಷಧವಿತ್ತು. ಆದರೆ ಆ ಗುಳಿಗೆ ಕುರಿಯ ಕೊರಳಗ್ರಂಥಿಯನ್ನು ಒಣಗಿಸಿ ಪುಡಿಮಾಡಿದ್ದು. "ಮುಚ್ಚಿಟ್ಟು ಕೊಡೂದಿಲ್ರಿ. ತಗೊಳ್ಳದಿದ್ರ ಎದಿ ದಣೀತೈತಿ, ಅದನ್ನೂ ಮುಚ್ಚಿಡೂದಿಲ್ಲ" ಎಂದರು ಡಾಕ್ಟರರು. ಕೊರಳಲ್ಲಿ ಲಿಂಗ ಕಟ್ಟಿಕೊಂಡ, ಮಾಂಸದ ವಾಸನೆಯನ್ನೂ ಅರಿಯದ ಮನೆ ನಮ್ಮದು. ಊರಿಗೆ ಬಂದು ಸುದ್ದಿ ಹೇಳಿದಾಗ ಚಿಗವ್ವನ ಗಂಡ ತಾಯಿಯ ಮುಖ ನೋಡಿದ, ಹೆಂಡತಿಯ ಮುಖ ನೋಡಿದ, ಕೊನೆಗೆ ಎತ್ತಿಗೆ ನೀರು ಕುಡಿಸಲು ಹೋದ. ಮೂರು ದಿನ ಗುಳಿಗೆಯ ಸೀಸೆ ಗೋಡೆಯ ಮಾಡದಲ್ಲೇ ಇತ್ತು.

ನಾಲ್ಕನೆಯ ಬೆಳಗು, ಪೂಜೆ ಮುಗಿಸಿ ಎದ್ದ ಚಿಗವ್ವನ ಮುಂದೆ ಗಂಗವ್ವನೇ ಸೀಸೆ ಹಿಡಿದು ನಿಂತಳು.

"ನಾಕ ವರ್ಷ ನಿನ್ನ ಆಳಸಿ ಅಂದೆ. ಆ ಪಾಪ ಹೆಂಗೂ ನನ್ನ ಬಾಯಾಗ ಐತಿ. ಇದರದೂ ನನಗ ಇರ್ಲಿ. ತಗೋ ನನ್ನವ್ವ."

ಚಿಗವ್ವ ಅತ್ತೆಯ ಕೈಯಿಂದ ಸೀಸೆ ತೆಗೆದುಕೊಂಡಳು. "ನನ್ನ ಪಾಲಿಂದು ನನಗ ಇರ್ಲಿರಿ ಅತ್ತಿ" ಎಂದು, ಕಣ್ಣು ಮುಚ್ಚಿ, ಯಾವುದೋ ಕಾಣದ ಕುರಿಗೆ ಕೈಮುಗಿದು, ಗುಳಿಗೆ ನುಂಗಿದಳು.

ಕೆಲವು ವಾರಗಳ ಬಳಿಕ ನಾನು ಚಿಗವ್ವನ ಮನೆಯ ಕಟ್ಟೆಯ ಮೇಲೆ ಕುಳಿತಿದ್ದಾಗ ಅಡುಗೆಮನೆಯಿಂದ ಕೂಗು ಕೇಳಿ ಓಡಿದೆ. ಚಿಗವ್ವ ಒಲೆಯ ಮುಂದೆ ನಿಂತು ಹಣೆ ತೋರಿಸುತ್ತಿದ್ದಾಳೆ: "ಬೆವರು! ಅತ್ತಿ, ನನಗ ಬೆವರು ಬಂತ್ರೀ!" ಗಂಗವ್ವ ಸೆರಗಿನಿಂದ ಅದನ್ನು ಒರೆಸಹೋಗಿ, ಒರೆಸಲಾರದೆ, ಹಾಗೇ ನೋಡುತ್ತ ನಿಂತಳು.

ಮನುಷ್ಯರ ಗುಣಾವಗುಣಗಳ ಬಗ್ಗೆ ತೀರ್ಪು ಕೊಡುವ ನನ್ನ ಚಟ ಅಂದಿನಿಂದ ಕುಂದಿತು. ಸಂಪೂರ್ಣ ಬಿಟ್ಟಿತೆಂದರೆ ನೀವು ನಂಬುವುದಿಲ್ಲ.

ದೀಪಾವಳಿಯ ಹೊತ್ತಿಗೆ ದನಿ ತಿರುಗಿ ಬಂತು, ಹಾಡು ಬಂತು, ಅದರ ಹಿಂದೆಯೇ ನಾಲ್ಕು ವರ್ಷ ಆಡದೆ ಉಳಿದಿದ್ದ ಮಾತೆಲ್ಲವೂ ಬಂತು. ಗುಳಿಗೆ ತರಲು ನಾನು ಮತ್ತೆ ಗೋಕಾಕಕ್ಕೆ ಹೊರಟಾಗ ಗಂಗವ್ವ ಚಕ್ಕಡಿಯ ಹತ್ತಿರ ಬಂದು ಮೆಲ್ಲಗೆ ಕೇಳಿದಳು:

"ಮಾಸ್ತರ, ಡಾಕ್ಟರನ್ನ ಒಂದ್ ಮಾತ ಕೇಳ್ರಿ. ದಿನಾ ಅರ್ಧಾ ಗುಳಗಿ ಕೊಟ್ರ ಸಾಲೂದಿಲ್ಲೇನು?"

ಒಳಗಿನಿಂದ ಚಿಗವ್ವನ ನಗೆ ಕೇಳಿಸಿತು, ಆಕೆಯ ಕಿವಿಯೂ ಚುರುಕಾಗಿತ್ತು.